ಗೆಲುವು ಕೇಳದ ಕಲ್ಲು

ಹಿಡಕಲ್ ಡ್ಯಾಮಿನ ಸುತ್ತಿನ ಊರುಗಳಲ್ಲಿ, ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಗೆಲ್ಲ, ಮಿಲ್ಟ್ರಿ ಸೇರುವ ಹುಡುಗರಿಗೆ ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರ ದೂರದ ಜಾಗವಲ್ಲ. ಅದೇ ರೆಜಿಮೆಂಟಿನ ಒಂದನೇ ಪಲ್ಟನ್ 1987ರ ಅಕ್ಟೋಬರಿನಲ್ಲಿ ಜಾಫ್ನಾದಲ್ಲಿ ಕಾದಿತು. ಶ್ರೀಲಂಕಾದ ಅಂತರ್ಯುದ್ಧ ನಮ್ಮದಾಗಿರಲಿಲ್ಲ. ಆ ವರ್ಷದ ಜುಲೈ 29ರ ಭಾರತ-ಶ್ರೀಲಂಕಾ ಒಪ್ಪಂದದಂತೆ ಶಾಂತಿ ಕಾಯಲು ಹೋದ ನಮ್ಮ ಪಡೆ ಮೂರು ತಿಂಗಳು ತುಂಬುವುದರೊಳಗೆ ಎಲ್‌ಟಿಟಿಇ ಬಂಡುಕೋರರ ಮೇಲೆ ಬಂದೂಕು ಎತ್ತಬೇಕಾಯಿತು. 1990ರ ಮಾರ್ಚಿನಲ್ಲಿ ಕೊನೆಯ ತುಕಡಿ ಮರಳುವ ಹೊತ್ತಿಗೆ 1,100ಕ್ಕೂ ಹೆಚ್ಚು ಭಾರತೀಯ ಸೈನಿಕರು ಜೀವ ಬಿಟ್ಟಿದ್ದರು. ಅಂದು ಹೋದವರನ್ನು ಇಂದು ಅಜ್ಜ ಎಂದು ನೆನೆಯುವ ಮೊಮ್ಮಕ್ಕಳಿದ್ದಾರೆ. ಹೇಗೆ ನೆನೆಯುತ್ತೇವೆ ಎಂಬುದೇ ನನ್ನ ಪ್ರಶ್ನೆ.

ಮನೆಯೊಳಗಿನ ನೆನಪಿಗೆ ನನ್ನ ತಕರಾರಿಲ್ಲ. ಮಹಾಲಯ ಅಮಾವಾಸ್ಯೆಗೆ ಹಿರಿಯರ ಸಾಲಿನಲ್ಲಿ ಸಮವಸ್ತ್ರದ ಫೋಟೊಕ್ಕೂ ಕುಂಕುಮ ಬೀಳುತ್ತದೆ, ಹೋಳಿಗೆಯ ಎಡಿ ಸಲ್ಲುತ್ತದೆ. ಸತ್ತವನು ಅಲ್ಲಿ ಮೊದಲು ಮನೆಯ ಮಗ, ಆಮೇಲೆ ಸೈನಿಕ. ಊರಿನ ನೆನಪು ಮಾತ್ರ ಸೊರಗಿದೆ. ಕಾರ್ಗಿಲ್‌ಗೆ ಜುಲೈ 26 ಇದೆ. ಶಾಲೆಯ ಮಕ್ಕಳು ಭಾಷಣ ಮಾಡುತ್ತಾರೆ, ಸರ್ಕಲ್ಲಿನಲ್ಲಿ ಫ್ಲೆಕ್ಸ್ ಏಳುತ್ತದೆ. ಲಂಕೆಯಲ್ಲಿ ಸತ್ತವನಿಗೆ ಊರು ಕೂಡಿ ಹೂ ಹಾಕುವ ದಿನವೇ ಇಲ್ಲ. ಗೆದ್ದೆವೆಂದು ಹೇಳಲಾಗದ ಯುದ್ಧ, ಬೇರೆ ದೇಶದ ಒಳಜಗಳ. ಸಭೆಯಲ್ಲಿ ಏನು ಹೇಳಬೇಕೆಂದು ತಿಳಿಯದೆ ನಾವು ಸತ್ತವನ ಹೆಸರನ್ನೂ ಬಿಟ್ಟುಬಿಟ್ಟೆವು.

ನಮ್ಮ ಹಳೆಯ ವೀರಗಲ್ಲು ಹೀಗೆ ಕೈಬಿಡುತ್ತಿರಲಿಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ದೊಡ್ಡ ಕಲ್ಲನ್ನು ನೋಡಿ. ಸಾವಿರ ವರ್ಷ ದಾಟಿದ ಗಂಗರ ಕಾಲದ್ದು. ಕಲ್ಲಿನ ತುಂಬ ಕಾಳಗದ ನೂಕುನುಗ್ಗಲು, ಅದರ ಮೇಲೆ ಶಾಸನ. ವೀರಮಹೇಂದ್ರನ ಮೇಲೆ ಕಾದಲು ಅಯ್ಯಪದೇವನಿಗೆ ನೆರವಾಗಲೆಂದು ಗಂಗರ ಅರಸ ಎರೆಯಪ್ಪ ನಾಗತ್ತರನೆಂಬ ವೀರನನ್ನು ಕಳಿಸಿದ. ಆತ ತುಂಬೆಪಾಡಿಯಲ್ಲಿ ಆನೆಗಳಿಗೆ ಎದೆಯೊಡ್ಡಿ ಸತ್ತ. ಇನ್ನೊಬ್ಬರ ಜಗಳಕ್ಕೆ ಹೋಗಿ ಮಡಿದವನು! ಕಳಿಸಿದವನು ಯಾರು, ಯಾರ ಪರವಾಗಿ, ಎಲ್ಲಿ ಸತ್ತ, ಎಲ್ಲವನ್ನೂ ಕಲ್ಲು ಹೇಳುತ್ತದೆ. ಗೆಲುವಿನ ಮಾತಿಗೆ ಅದು ಕಾಯುವುದಿಲ್ಲ. ಸುದ್ದಿ ಕೇಳಿದ ಅರಸ ಎರೆಯಪ್ಪ, ಇರುಗ ಎಂಬವನಿಗೆ ನಾಗತ್ತರನ ಪದವಿಯನ್ನೂ ಬೇಗೂರಿನ ಹನ್ನೆರಡು ಊರುಗಳನ್ನೂ ಕೊಟ್ಟನೆಂದು ಬರೆದಿದೆ. ಕಳಿಸಿದವನ ಹೊಣೆ ಕಲ್ಲಿನ ಮೇಲೇ ಉಳಿದಿದೆ. ಸತ್ತವರ ಮನೆಗೆ ಭೂಮಿ ಬಿಡುವ ನೆತ್ತರುಗೊಡಗೆಯೂ ಇದೇ ನಡವಳಿಕೆಯದು.

ಹಾಗೆಂದು ವೀರಗಲ್ಲನ್ನು ಪೂರಾ ಒಪ್ಪಲಾರೆ. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ: ಈ ಮೂರು ಹಂತಗಳಲ್ಲಿ ಹಿಂದೆ ಉಳಿದ ತಾಯಿಗೆ, ಹೆಂಡತಿಗೆ ಸಾಮಾನ್ಯವಾಗಿ ಎಡೆಯಿಲ್ಲ. ಹೆಂಡತಿಗೆ ಕಲ್ಲಾಗುವ ಯೋಗ ಬರುತ್ತಿದ್ದುದು ಚಿತೆ ಏರಿದರೆ, ಅದು ಮಾಸ್ತಿಕಲ್ಲು. ಬದುಕಿ ಮಕ್ಕಳನ್ನು ಸಾಕಿದವಳಿಗೆ ಕಲ್ಲು ಹಾಕಿಸಿದವರು ಅಪರೂಪ. ಲಂಕೆಯಿಂದ ಗಂಡ ಬಾರದ ಮನೆಗಳಲ್ಲಿ ಹೊಲ ನೋಡಿ, ಪೆನ್ಶನ್ ಕಾಗದ ಹಿಡಿದು ಅಲೆದವಳು ಅವಳೇ. ನಮ್ಮ ಈಗಿನ ಫ್ಲೆಕ್ಸ್ ಕೂಡ ಅವಳನ್ನು ಮರೆಯುತ್ತದೆ. ಅದರ ಬದಲು ಮುಖಂಡರ ಮುಖಗಳು ಯೋಧನ ಮುಖಕ್ಕಿಂತ ದೊಡ್ಡದಾಗಿ ಬರುತ್ತವೆ. ನನಗೆ ಇದು ಸಿಟ್ಟು ತರಿಸುತ್ತದೆ.

ಶ್ರೀಲಂಕಾ ಸರ್ಕಾರ ಕೊಲಂಬೊ ಪಕ್ಕದ ಶ್ರೀ ಜಯವರ್ಧನೆಪುರ ಕೋಟೆಯಲ್ಲಿ ಈ ಭಾರತೀಯ ಸೈನಿಕರಿಗೆ ಸ್ಮಾರಕ ಕಟ್ಟಿಸಿದೆ. ದಿಲ್ಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲೂ 2019ರಿಂದ ಅವರ ಹೆಸರುಗಳಿವೆ. ಎರಡೂ ಒಳ್ಳೆಯ ಕೆಲಸವೇ. ಆದರೆ ಘಟಪ್ರಭೆಯ ದಂಡೆಯ ಮುದುಕಿ ಅಲ್ಲಿಗೆ ಹೋಗಿ ಮಗನ ಹೆಸರು ಸವರುವುದು ಯಾವಾಗ? ಲಂಕೆಯಲ್ಲಿ ಮಗನನ್ನು ಕಳೆದುಕೊಂಡ ಪ್ರತಿ ಊರಿನ ಪಂಚಾಯಿತಿ ಒಂದು ಕಲ್ಲು ನೆಡಿಸಲಿ. ಬರೀ ‘ಹುತಾತ್ಮ’ ಎಂದು ಕೆತ್ತಿ ಕೈತೊಳೆದುಕೊಳ್ಳದೆ ಯಾವ ಪಲ್ಟನ್, ಯಾವ ಕಾಳಗ, ಕಳಿಸಿದ ಸರ್ಕಾರ ಯಾವುದು ಎಂದು ಬರೆಸಲಿ. ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಅವನ ತಾಯಿಯ ಹೆಸರು, ಹೆಂಡತಿಯ ಹೆಸರು.