ಎಂಕ್ಯೂಟಿಟಿ: ಒಂದು ಗುಣದೋಷ ವಿಚಾರ

1999ರಲ್ಲಿ ಐಬಿಎಂ ಸಂಸ್ಥೆಯ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಕಾಮ್ ಸಂಸ್ಥೆಯ ಆರ್ಲೆನ್ ನಿಪ್ಪರ್ ಎಂಬಿಬ್ಬರು, ನಿರ್ಜನ ಪ್ರದೇಶಗಳಲ್ಲಿ ಹಾದುಹೋಗುವ ತೈಲದ ಕೊಳವೆಮಾರ್ಗಗಳ ಒತ್ತಡ, ಹರಿವು ಮೊದಲಾದ ಅಳತೆಗಳನ್ನು ಉಪಗ್ರಹದ ಮೂಲಕ ತರಿಸಿಕೊಳ್ಳುವ ಅಗತ್ಯಕ್ಕಾಗಿ ರಚಿಸಿದ ಎಂಕ್ಯೂಟಿಟಿ ಎಂಬ ನಿಯಮಾವಳಿಯು, ತಾನು ಹುಟ್ಟಿದ ಆ ಕ್ಷೇತ್ರವನ್ನು ಎಂದೋ ದಾಟಿ, ಹೊಲದ ತೇವಮಾಪಕದಿಂದ ಹಿಡಿದು ಕಾರ್ಖಾನೆಯ ಮೋಟಾರಿನವರೆಗೆ ದೂರದಲ್ಲಿರುವ ಅಸಂಖ್ಯ ಸಂವೇದಕಗಳನ್ನು ಕ್ಲೌಡಿನೊಡನೆ ಜೋಡಿಸುವ ವ್ಯವಹಾರಕ್ಕೆ ಇಂದು ಆಧಾರವಾಗಿ ನಿಂತಿದೆ. 2010ರಲ್ಲಿ ಐಬಿಎಂ ಇದನ್ನು ಶುಲ್ಕವಿಲ್ಲದೆ ಸರ್ವರ ಬಳಕೆಗೆ ಬಿಟ್ಟುಕೊಟ್ಟಿತು. 2014ರಲ್ಲಿ ಇದರ 3.1.1ನೆಯ ಆವೃತ್ತಿಗೆ ಓಯಾಸಿಸ್ ಎಂಬ ಮಾನಕಸಂಸ್ಥೆಯ ಮುದ್ರೆ ಬಿದ್ದಿತು. 2019ರಲ್ಲಿ ಐದನೆಯ ಆವೃತ್ತಿ ಹೊರಬಂದಿತು. ಇಷ್ಟು ವ್ಯಾಪಕವಾಗಿ ಅಂಗೀಕೃತವಾದ ರಚನೆಯನ್ನು ಕುರಿತು ಪ್ರಶಂಸೆಗೇನೂ ಕೊರತೆಯಿಲ್ಲ. ಆದರೆ ಆ ಪ್ರಶಂಸೆಯ ಬಹುಭಾಗವು ಅದು ಮಾಡದಿರುವ, ಮಾಡುವೆನೆಂದು ಎಂದೂ ಹೇಳಿಕೊಳ್ಳದಿರುವ ಕಾರ್ಯಗಳಿಗೆ ಸಲ್ಲುತ್ತಿರುವುದರಿಂದ, ಅದರ ನಿಜವಾದ ಗುಣವು ಎಲ್ಲಿದೆಯೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಯುಕ್ತವಾಗಿದೆ.

ಅದಕ್ಕೆ ಮುಂಚಿನ ಪದ್ಧತಿಯಲ್ಲಿ ಕೇಂದ್ರದ ಗಣಕವು ದೂರದ ಒಂದೊಂದು ಠಾಣೆಯನ್ನೂ ಸರದಿಯಂತೆ ಕರೆದು, ಹೇಳುವುದಕ್ಕೆ ಅದರಲ್ಲಿ ಹೊಸದೇನೂ ಇಲ್ಲದಿದ್ದರೂ ಉತ್ತರವನ್ನು ಪಡೆದುಕೊಳ್ಳುತ್ತಿತ್ತು. ಅಕ್ಷರಕ್ಕಿಷ್ಟೆಂದು ಬೆಲೆ ತೆರಬೇಕಾದ ಉಪಗ್ರಹಮಾರ್ಗದಲ್ಲಿ ಇದು ದುಂದುಗಾರಿಕೆಯೇ ಸರಿ. ಎಂಕ್ಯೂಟಿಟಿ ಈ ಕ್ರಮವನ್ನು ತಿರುಗಿಸಿತು: ಹೇಳುವ ವಿಷಯವುಳ್ಳ ಉಪಕರಣವೇ ತಾನಾಗಿ ಬ್ರೋಕರ್ ಎಂಬ ಮಧ್ಯಸ್ಥನಿಗೆ ಸಂದೇಶವನ್ನು ಒಪ್ಪಿಸುವುದು, ಬೇಕಾದವರು ಆ ಮಧ್ಯಸ್ಥನಿಂದ ಪಡೆದುಕೊಳ್ಳುವುದು, ಕೊಟ್ಟವನು ಯಾರೆಂದು ಪಡೆದವನಿಗಾಗಲಿ, ಪಡೆದವನು ಯಾರೆಂದು ಕೊಟ್ಟವನಿಗಾಗಲಿ ತಿಳಿಯಬೇಕಾದ ನಿರ್ಬಂಧವಿಲ್ಲದಿರುವುದು. ಸಂದೇಶದ ನೆತ್ತಿಯ ಮೇಲೆ ಹೊರಿಸುವ ಸ್ಥಿರ ಭಾರವು 2 ಬೈಟುಗಳಿಂದಲೇ ಆರಂಭವಾಗುತ್ತದೆ. ಸಂಪರ್ಕವನ್ನು ಯಾವಾಗಲೂ ಉಪಕರಣವೇ ಹೊರಮುಖವಾಗಿ ತೆರೆಯುವುದರಿಂದ, ಮೊಬೈಲ್ ಕಂಪನಿಯ ಜಾಲದೊಳಗೆ ಸ್ವಂತ ವಿಳಾಸವಿಲ್ಲದೆ ಅಡಗಿರುವ ಒಂದು ಸಿಮ್ ಕಾರ್ಡಿನ ಯಂತ್ರಕ್ಕೂ ಕ್ಲೌಡನ್ನು ಮುಟ್ಟುವುದು ಸಾಧ್ಯವಾಗುತ್ತದೆ. ಈ ಮಿತವ್ಯಯವು ಮೆಚ್ಚತಕ್ಕದ್ದು. ಆದರೂ ಅದೇ ಎಂಕ್ಯೂಟಿಟಿಯ ಶ್ರೇಷ್ಠ ಗುಣವೆಂದು ನಾನು ಒಪ್ಪಲಾರೆ.

ಸಂಪರ್ಕವು ಕಡಿದೇ ಕಡಿಯುವುದೆಂಬುದನ್ನು ಮೊದಲೇ ಒಪ್ಪಿಕೊಂಡು, ಆ ಕಡಿತಕ್ಕೆ ಒಂದು ವಿಧಿಯನ್ನು ಏರ್ಪಡಿಸಿದ್ದೇ ಇದರ ಶ್ರೇಷ್ಠತೆ. ಉಪಕರಣವು ಬ್ರೋಕರಿಗೆ ತನ್ನನ್ನು ಪರಿಚಯಿಸಿಕೊಳ್ಳುವ ಮೊದಲ ಮಾತಿನಲ್ಲಿಯೇ ತನ್ನ ಉಯಿಲನ್ನೂ ಬರೆದುಕೊಡಬಹುದು: ತಾನು ವಿದಾಯ ಹೇಳದೆ ಮರೆಯಾದರೆ ಇಂಥವರಿಗೆ ಇಂಥ ಸುದ್ದಿಯನ್ನು ತಲುಪಿಸತಕ್ಕದ್ದು ಎಂದು. ವಿದಾಯ ಹೇಳಿಯೇ ಹೋದರೆ ಆ ಉಯಿಲು ರದ್ದಾಗುತ್ತದೆ. ಇದರ ಜೊತೆಗೆ ಕೀಪ್-ಅಲೈವ್ ಎಂಬ ಇನ್ನೊಂದು ಒಡಂಬಡಿಕೆಯುಂಟು. ಇಷ್ಟು ಸೆಕೆಂಡುಗಳೊಳಗೆ ಏನಾದರೊಂದನ್ನು ನುಡಿಯುವೆನೆಂದು ಉಪಕರಣವು ಮಾತು ಕೊಡುತ್ತದೆ, ಆ ಅವಧಿಯ ಒಂದೂವರೆ ಪಟ್ಟು ಕಾಲ ಕಾದರೂ ದನಿ ಬಾರದಿದ್ದರೆ ಬ್ರೋಕರು ಸಂಪರ್ಕವನ್ನು ಮುರಿದು ಉಯಿಲನ್ನು ಪ್ರಕಟಿಸುತ್ತದೆ.

ಇದರ ಅಗತ್ಯವನ್ನು ಬಲ್ಲವರೇ ಬಲ್ಲರು. ಎಂಕ್ಯೂಟಿಟಿಗೆ ತಳಹದಿಯಾದ, ಎರಡು ಗಣಕಗಳ ನಡುವಣ ಟಿಸಿಪಿ ಸಂಪರ್ಕವೆಂಬುದು ವಸ್ತುತಃ ಎರಡು ಕಡೆಗಳ ನೆನಪು ಮಾತ್ರ. ನಡುವಿನ ದಾರಿ ಅಳಿದುಹೋದರೂ, ಯಾರಾದರೂ ಮಾತನಾಡುವ ಪ್ರಯತ್ನ ಮಾಡುವವರೆಗೆ ಎರಡೂ ಕಡೆಯವರು ತಾವು ಕೂಡಿಯೇ ಇದ್ದೇವೆಂದು ನಂಬಿರುವುದು ಸಾಧ್ಯ. ಸುಮ್ಮನಿರುವ ಸಂಪರ್ಕವನ್ನು ಕನಿಷ್ಠ 2 ಗಂಟೆ 4 ನಿಮಿಷಗಳವರೆಗಾದರೂ ಮಧ್ಯದ ಜಾಲಗಳು ಮರೆಯಬಾರದೆಂದು 2008ರ ಅಂತರಜಾಲ ಶಿಫಾರಸೊಂದು ವಿಧಿಸಿದೆಯಾದರೂ, ಮೊಬೈಲ್ ಜಾಲಗಳು ಅದಕ್ಕಿಂತ ಬಹು ಬೇಗನೆ ಮರೆಯುವುದು ಈ ಕೆಲಸ ಮಾಡುವವರಿಗೆಲ್ಲ ಪರಿಚಿತವಾದ ಸಂಗತಿ. ಆದುದರಿಂದ ಕೀಪ್-ಅಲೈವ್ ಅವಧಿಯ ಆಯ್ಕೆಯೇ ಇಲ್ಲಿ ನಿಜವಾದ ವಿವೇಕದ ಪರೀಕ್ಷೆಯಾಗುತ್ತದೆ: 60 ಸೆಕೆಂಡೆಂದು ಇಟ್ಟರೆ ಮರಣವಾರ್ತೆ 90 ಸೆಕೆಂಡುಗಳಲ್ಲಿ ತಿಳಿಯುತ್ತದೆ, ಆದರೆ ಬೇರೆ ಮಾತಿಲ್ಲದ ದಿನ ಬರಿಯ ‘ಇದ್ದೇನೆ’ ಎನ್ನುವುದಕ್ಕಾಗಿಯೇ ಉಪಕರಣವು 1440 ಸಲ ರೇಡಿಯೋವನ್ನು ಎಬ್ಬಿಸಿ ಬ್ಯಾಟರಿಯನ್ನು ಬರಿದುಮಾಡಿಕೊಳ್ಳಬೇಕಾಗುತ್ತದೆ, ಅವಧಿಯನ್ನು ಹಿಗ್ಗಿಸಿದರೆ ಬ್ಯಾಟರಿ ಉಳಿದೀತು, ಸತ್ಯ ತಡವಾದೀತು. ನಿಯಮಾವಳಿಯು ಅನುಮತಿಸುವ ಪರಮಾವಧಿ 65,535 ಸೆಕೆಂಡು, ಎಂದರೆ 18 ಗಂಟೆಗಳಿಗೂ ಹೆಚ್ಚು. ಒಂದೂವರೆ ಪಟ್ಟಿನ ಲೆಕ್ಕದಲ್ಲಿ 27 ಗಂಟೆಗಳ ಕಾಲ ಸುಳಿವಿಲ್ಲದ ಯಂತ್ರವನ್ನೂ ‘ಸಂಪರ್ಕದಲ್ಲಿದೆ’ ಎಂದು ಕರೆಯಬಹುದಾಗುತ್ತದೆ. ಸೌಜನ್ಯಕ್ಕೂ ಒಂದು ಮೇರೆಯಿರಬೇಕಷ್ಟೆ. ಅಮೆಜಾನಿನ ಕ್ಲೌಡ್ ಇದನ್ನು 1200 ಸೆಕೆಂಡುಗಳಿಗೆ ಮಿತಗೊಳಿಸಿರುವುದು ನನಗೆ ಯುಕ್ತವೆಂದೇ ತೋರುತ್ತದೆ.

ಇನ್ನು ಇದರ ಅತ್ಯಂತ ಕೀರ್ತಿತವಾದ, ಅಷ್ಟೇ ಅಪಾರ್ಥಕ್ಕೆ ಗುರಿಯಾದ ಅಂಶವನ್ನು ನೋಡಬೇಕು. ಸಂದೇಶವನ್ನು ತಲುಪಿಸುವ ಭರವಸೆಯಲ್ಲಿ ಮೂರು ಅಂತಸ್ತುಗಳಿವೆ: ಶೂನ್ಯದಲ್ಲಿ ಸಂದೇಶವು ಒಮ್ಮೆ ಹೊರಟಿತೆಂದರೆ ಮುಗಿಯಿತು, ಒಂದರಲ್ಲಿ ರಶೀದಿ ಬರುವವರೆಗೂ ಅದನ್ನು ಉಳಿಸಿಕೊಂಡು ಮತ್ತೆ ಕಳುಹಿಸಬೇಕಾದುದರಿಂದ ಒಂದೇ ಸಂದೇಶ ಎರಡು ಸಲ ತಲುಪಬಹುದು, ಎರಡರಲ್ಲಿ ನಾಲ್ಕು ಸಲದ ಮಾತುಕತೆಯಿಂದ ಅದು ಒಂದೇ ಒಂದು ಸಲ ತಲುಪುವಂತೆ ನೋಡಿಕೊಳ್ಳಲಾಗುತ್ತದೆ. ಹೆಚ್ಚಿನ ಅಂಕಿಯನ್ನು ಆರಿಸಿಕೊಂಡರೆ ಹೆಚ್ಚಿನ ನೆಮ್ಮದಿಯೆಂದು ಭಾವಿಸುವ ಎಂಜಿನಿಯರುಗಳನ್ನು ಕಂಡಿದ್ದೇನೆ. ಆದರೆ ಈ ಭರವಸೆಯೆಲ್ಲ ಉಪಕರಣಕ್ಕೂ ಬ್ರೋಕರಿಗೂ ನಡುವೆ ಮಾತ್ರ ಸಲ್ಲತಕ್ಕದ್ದು. ಅದರಾಚೆಗೆ ಸಂದೇಶವು ಯಾರಿಗಾದರೂ ಮುಟ್ಟಿತೇ, ದತ್ತಕೋಶದಲ್ಲಿ ದಾಖಲಾಯಿತೇ ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅಂಚೆಕಚೇರಿಯ ಗವಾಕ್ಷಿಯಲ್ಲಿ ಕೊಟ್ಟ ರಶೀದಿಯನ್ನೇ ವಿಳಾಸದಾರನ ಸಹಿಯೆಂದು ತಿಳಿದುಕೊಂಡರೆ ದೋಷವು ಅಂಚೆಯದಲ್ಲ.

ಒಂದೆಡೆ ಮಾತ್ರ ದೋಷವು ರಚನೆಯದೇ ಎಂದು ಖಂಡಿತವಾಗಿ ಹೇಳಬೇಕಾಗಿದೆ. ಉಪಕರಣವೊಂದು ತನಗೆ ಅಧಿಕಾರವಿಲ್ಲದ ವಿಷಯದಲ್ಲಿ ಸಂದೇಶ ಕಳುಹಿಸಿದಾಗ, ಅದನ್ನು ನಿರಾಕರಿಸಿದೆನೆಂದು ತಿಳಿಸುವ ಮಾತೇ 3.1.1ನೆಯ ಆವೃತ್ತಿಯಲ್ಲಿ ಇರಲಿಲ್ಲ. ಆದುದರಿಂದ ಬ್ರೋಕರು ಸಂಪರ್ಕವನ್ನು ಥಟ್ಟನೆ ಮುರಿಯಬೇಕು, ಇಲ್ಲವೇ ಸಂದೇಶವನ್ನು ಮೂಲೆಗೆಸೆದು ‘ತಲುಪಿತು’ ಎಂಬ ರಶೀದಿಯನ್ನು ಕೊಡಬೇಕೆಂದು ಅಲ್ಲಿ ಸ್ಪಷ್ಟವಾಗಿಯೇ ವಿಧಿಸಲಾಗಿತ್ತು. ಸುಳ್ಳು ರಶೀದಿಗೆ ಶಾಸ್ತ್ರಸಮ್ಮತಿ! ಅನುಮತಿಯ ಪಟ್ಟಿಯಲ್ಲಿ ಒಂದಕ್ಷರ ತಪ್ಪಿದ ಮಾತ್ರಕ್ಕೆ, ಸಂವೇದಕವು ತಾನು ಕರ್ತವ್ಯವನ್ನು ನಿರ್ವಹಿಸುತ್ತಿರುವೆನೆಂದು ನಂಬಿ, ರಶೀದಿ ಬಂದ ಕಾರಣ ತನ್ನ ಪ್ರತಿಯನ್ನೂ ಅಳಿಸಿಹಾಕಿ, ತಿಂಗಳುಗಟ್ಟಲೆ ಶೂನ್ಯಕ್ಕೆ ವರದಿಯೊಪ್ಪಿಸುವುದು ಇದರಿಂದ ಸಾಧ್ಯವಾಯಿತು. ಐದನೆಯ ಆವೃತ್ತಿಯು ಪ್ರತಿಯೊಂದು ರಶೀದಿಗೂ ಕಾರಣಸಂಕೇತವನ್ನು ಸೇರಿಸಿ ಈ ಕಳಂಕವನ್ನು ತೊಡೆಯಿತು. ಅದು ತಂದ ಸುಧಾರಣೆಗಳಲ್ಲಿ ಇದೊಂದೇ ಸಾಕಿತ್ತೆಂದರೂ ತಪ್ಪಿಲ್ಲ. ಇತ್ತ ಎರಡನೆಯ ಅಂತಸ್ತಿನ ಗತಿ ನೋಡಿದರೆ, ಅಮೆಜಾನಿನ ಐಓಟಿ ಕೋರ್ ಆಗಲಿ ಮೈಕ್ರೋಸಾಫ್ಟಿನ ಐಓಟಿ ಹಬ್ ಆಗಲಿ ಅದನ್ನು ಒಪ್ಪುವುದೇ ಇಲ್ಲ. ಇದನ್ನು ನ್ಯೂನತೆಯೆಂದು ದೂರುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಒಂದನೆಯ ಅಂತಸ್ತು, ಪ್ರತಿ ಅಳತೆಗೂ ಉಪಕರಣವೇ ಕೊಟ್ಟ ಕ್ರಮಸಂಖ್ಯೆ, ಇವೆರಡಿದ್ದರೆ ನಾಲ್ಕು ಸಲದ ಉಪಚಾರದ ಅಗತ್ಯ ಬೀಳುವುದಿಲ್ಲ.

ಕ್ರಮಸಂಖ್ಯೆಯ ಮಾತು ಬಂದುದರಿಂದ ಕಾಲದ ಮಾತನ್ನೂ ಆಡಬೇಕು. ಏಕೆಂದರೆ ಅಳತೆಯನ್ನು ತೆಗೆದ ಕಾಲವನ್ನು ನಮೂದಿಸುವುದಕ್ಕೆ ಈ ನಿಯಮಾವಳಿಯಲ್ಲಿ ಸ್ಥಾನವೇ ಇಲ್ಲ. ಉಪಕರಣವು ಅದನ್ನು ಸಂದೇಶದೊಳಗೆ ತಾನೇ ಬರೆಯಬೇಕು; ಬರೆಯದಿದ್ದರೆ, ಮೂರು ಗಂಟೆ ಸಂಪರ್ಕವಿಲ್ಲದೆ ಕೂಡಿಟ್ಟುಕೊಂಡ ಅಳತೆಗಳು ಒಟ್ಟಿಗೆ ಬಂದಾಗ, ಅವೆಲ್ಲ ಒಂದೇ ನಿಮಿಷದಲ್ಲಿ ಸಂಭವಿಸಿದಂತೆ ಕಾಣುತ್ತವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ಸ್ಥಾಪಿಸಿರುವ, 15 ನಿಮಿಷಕ್ಕೊಮ್ಮೆ ವರದಿ ಮಾಡುವ ದೂರಮಾಪನದ ಮಳೆಮಾಪಕಗಳಂಥ ವ್ಯವಸ್ಥೆಗಳಲ್ಲಿ ಈ ಪ್ರಶ್ನೆಯು ಎಷ್ಟು ಗಂಭೀರವಾದುದೆಂದು ಊಹಿಸಬಹುದು. ಮಲೆನಾಡಿನಲ್ಲಿ ಮಳೆ ಬಿರುಸಾದಾಗಲೇ ಟವರಿಗೆ ಕರೆಂಟು ಹೋಗುವುದು, ಸೌರಫಲಕವು ದಿನಗಟ್ಟಲೆ ಬಿಸಿಲು ಕಾಣದೆ ಬ್ಯಾಟರಿ ಕುಗ್ಗುವುದು. ಎಂದರೆ ಅಳತೆಯು ಅತ್ಯವಶ್ಯವಾದ ಗಳಿಗೆಯೂ ಸಂಪರ್ಕವು ಅತಿದುರ್ಬಲವಾದ ಗಳಿಗೆಯೂ ಒಂದೇ. ಆಗ ನಕ್ಷೆಯ ಮೇಲೆ ಕಾಣುವ ಸೊನ್ನೆಯು ಮಳೆಯಿಲ್ಲವೆಂದು ಹೇಳುತ್ತಿದೆಯೋ ಮಾಪಕವಿಲ್ಲವೆಂದು ಹೇಳುತ್ತಿದೆಯೋ ನೋಡುವವನಿಗೆ ತಿಳಿಯಬೇಕಾದುದು ಅತ್ಯಗತ್ಯ.

ಇಲ್ಲಿ ಸಂದೇಶವನ್ನು ತಲುಪಿಸುವ ವಿಧಾನಕ್ಕಿಂತ ಸಂದೇಶವನ್ನು ರಚಿಸುವ ವಿಧಾನವೇ ಹೆಚ್ಚು ಉಪಕಾರಿ. ಪುಟ್ಟ ಬಟ್ಟಲು ತುಂಬಿ ಮಗುಚಿದಾಗಲೆಲ್ಲ ಒಂದೆಂದು ಎಣಿಸುವ ಮಳೆಮಾಪಕವನ್ನು ತೆಗೆದುಕೊಳ್ಳೋಣ: ‘ಕಳೆದ ಕಾಲುಗಂಟೆಯಲ್ಲಿ ಆರು ಸಲ ಮಗುಚಿತು’ ಎಂದು ಅದು ಹೇಳಿದರೆ, ಆ ಒಂದು ಸಂದೇಶ ಕಳೆದುಹೋದೊಡನೆ ಅಷ್ಟು ಮಳೆಯೂ ದಾಖಲೆಯಿಂದ ಶಾಶ್ವತವಾಗಿ ಅಳಿಯುತ್ತದೆ, ಎರಡು ಸಲ ಬಂದರೆ ಇಮ್ಮಡಿಯಾಗುತ್ತದೆ, ‘ಸ್ಥಾಪನೆಯಾದಂದಿನಿಂದ ಒಟ್ಟು ಇಷ್ಟು ಸಲ ಮಗುಚಿದೆ’ ಎಂದು ಹೇಳಿದರೆ, ನಡುವೆ ಹತ್ತು ಸಂದೇಶಗಳು ಹೋದರೂ ಹನ್ನೊಂದನೆಯದು ಒಟ್ಟು ಲೆಕ್ಕವನ್ನು ತಾನೇ ಸರಿಪಡಿಸುತ್ತದೆ, ಇಮ್ಮಡಿಯಾಗಿ ಬಂದರೂ ಹಾನಿಯಿಲ್ಲ. ಇಷ್ಟು ಸರಳವಾದ ಉಪಾಯವನ್ನು ಬಿಟ್ಟು ಅಂತಸ್ತುಗಳ ಚರ್ಚೆಯಲ್ಲಿ ಕಾಲಕಳೆಯುವುದು ವ್ಯರ್ಥ. ಕೊನೆಯ ಅಳತೆಯನ್ನು ಬ್ರೋಕರು ಕಾದಿಟ್ಟುಕೊಂಡು ಹೊಸದಾಗಿ ಬಂದವರಿಗೆಲ್ಲ ಒಪ್ಪಿಸುವ ‘ರಿಟೈನ್ಡ್’ ಸೌಕರ್ಯವೂ ಹೀಗೆಯೇ ಎಚ್ಚರವನ್ನು ಬೇಡುತ್ತದೆ. ಸತ್ತು ವಾರವಾದ ಸಂವೇದಕದ 27 ಡಿಗ್ರಿ ಉಷ್ಣತೆಯು, ಕಾಲದ ನಮೂದಿಲ್ಲದಿದ್ದರೆ, ಈಗಿನದೆಂಬಂತೆಯೇ ಫಲಕದ ಮೇಲೆ ಹೊಳೆಯುತ್ತಿರುತ್ತದೆ. ನಿಪ್ಪರ್ ಅವರೇ ಮುಂದೆ ಸ್ಪಾರ್ಕ್‌ಪ್ಲಗ್ ಎಂಬ ಪೂರಕ ವಿಧಾನದ ರಚನೆಯಲ್ಲಿ ತೊಡಗಿ, ಉಪಕರಣಕ್ಕೆ ಮರಣದ ಪ್ರಮಾಣಪತ್ರದೊಡನೆ ಜನನದ ಪ್ರಮಾಣಪತ್ರವನ್ನೂ, ಅಳತೆಗೆ ಕಾಲವನ್ನೂ, ಸಂದೇಶಕ್ಕೆ ಅನುಕ್ರಮವನ್ನೂ ಕಡ್ಡಾಯಗೊಳಿಸಿದುದು, ಮೂಲಕೃತಿಯ ಮೇಲೆ ಅದರ ಕರ್ತೃವೇ ಬರೆದ ಅತ್ಯುತ್ತಮ ವಿಮರ್ಶೆಯೆನ್ನಬಹುದು.

ಮರುಸಂಪರ್ಕದ ವಿಷಯದಲ್ಲಿ ನಿಯಮಾವಳಿಯು ಬಹುಮಟ್ಟಿಗೆ ಮೌನವಾಗಿದೆ. ಬ್ರೋಕರು ಒಮ್ಮೆ ಬಿದ್ದೆದ್ದಾಗ ಸಾವಿರಾರು ಉಪಕರಣಗಳು ಒಂದೇ ಕ್ಷಣದಲ್ಲಿ ಮೇಲೆ ಬೀಳದಂತೆ, ಪ್ರತಿಯೊಂದೂ ಸೋಲಿಗೊಮ್ಮೆ ಕಾಯುವ ಕಾಲವನ್ನು ಇಮ್ಮಡಿಸುತ್ತ, ಅದರಲ್ಲಿ ಸ್ವಲ್ಪ ಯಾದೃಚ್ಛಿಕತೆಯನ್ನೂ ಬೆರೆಸುವುದು ತಂತ್ರಾಂಶ ಬರೆಯುವವನ ಹೊಣೆ. ಒಂದೇ ಹೆಸರಿನಲ್ಲಿ ಎರಡು ಉಪಕರಣಗಳು ಬಂದರೆ ಹಳೆಯದನ್ನು ಹೊರಹಾಕಬೇಕೆಂಬ ವಿಧಿಯಿರುವುದರಿಂದ, ಹೆಸರನ್ನು ನಕಲುಮಾಡಿದ ಅಜಾಗರೂಕತೆಯು ಅವೆರಡೂ ಒಂದನ್ನೊಂದು ಕೊನೆಯಿಲ್ಲದೆ ತಳ್ಳಾಡುವ ಪ್ರಹಸನಕ್ಕೆ ಕಾರಣವಾಗುತ್ತದೆ. ಗಡಿಯಾರದ ಬ್ಯಾಟರಿ ಸತ್ತು 1970ಕ್ಕೆ ಮರಳಿದ ಯಂತ್ರಕ್ಕೆ ಕ್ಲೌಡಿನ ಪ್ರಮಾಣಪತ್ರವು ಇನ್ನೂ ಜಾರಿಗೆ ಬಂದೇ ಇಲ್ಲವೆಂದು ಕಾಣುವುದರಿಂದ, ಸಿಗ್ನಲ್ ಪೂರ್ಣವಾಗಿದ್ದರೂ ಅದು ಬಾಗಿಲಲ್ಲಿಯೇ ನಿಂತಿರುತ್ತದೆ.

ಇವೆಲ್ಲಕ್ಕಿಂತ ನನಗೆ ಚಿಂತನೀಯವಾಗಿ ತೋರುವುದು ಆಯುಸ್ಸಿನ ಪ್ರಶ್ನೆ. ಕಂಬದ ಮೇಲೆ ಹತ್ತು ವರ್ಷ ಬಾಳಲೆಂದು ಕಟ್ಟಿದ ಪೆಟ್ಟಿಗೆಗೆ ಹೋಲಿಸಿದರೆ ಕ್ಲೌಡಿನ ಸೇವೆಯೇ ಅಲ್ಪಾಯು: ಗೂಗಲ್ ತನ್ನ ಐಓಟಿ ಕೋರ್ ಸೇವೆಯನ್ನು 2023ರ ಆಗಸ್ಟ್ 16ರಂದು ಮುಚ್ಚಿತು. ಆ ವಿಳಾಸವನ್ನು ಫರ್ಮ್‌ವೇರಿನಲ್ಲಿ ಕಲ್ಲಿನ ಬರಹದಂತೆ ಕೂರಿಸಿ, ಅದನ್ನು ದೂರದಿಂದಲೇ ಬದಲಾಯಿಸುವ ದಾರಿಯನ್ನಿಡದೆ ಹೊರಗೆ ಕಳುಹಿಸಿದ ಉಪಕರಣವಾವುದಿದ್ದರೂ, ಅದು ಎಷ್ಟೇ ನಿಷ್ಠೆಯಿಂದ ಕೀಪ್-ಅಲೈವ್ ಪಾಲಿಸಿದರೂ, ಅಂದಿಗೆ ನಿರ್ಗತಿಕವಾಗಬೇಕಾದುದೇ. ಐದನೆಯ ಆವೃತ್ತಿಯಲ್ಲಿ ಬ್ರೋಕರು ‘ಇನ್ನು ಮುಂದೆ ಇಂಥ ಸರ್ವರಿಗೆ ಹೋಗು’ ಎಂದು ಸೂಚಿಸುವ ಏರ್ಪಾಡೇನೋ ಇದೆ; ಆದರೆ ಹೊಸ ವಿಳಾಸವನ್ನು ತಿಳಿಸಲೇಬೇಕೆಂಬ ಕಟ್ಟಳೆ ಬ್ರೋಕರಿಗಿಲ್ಲ, ಅದನ್ನು ಅನುಸರಿಸಲೇಬೇಕೆಂಬ ಕಟ್ಟಳೆ ಉಪಕರಣಕ್ಕೂ ಇಲ್ಲ. ಮುಂದಿನ ಆವೃತ್ತಿಯನ್ನು ರಚಿಸುವವರು ಕೈಹಾಕಬೇಕಾದ ಮೊದಲ ತಿದ್ದುಪಡಿ ಇದೇ ಎಂಬುದು ನನ್ನ ಮತ.