ಉಸುಕಿನ ಕೊಡ ಮತ್ತು ತಳದ ಜೀವ: ಮಲಪ್ರಭೆಯ ಜಾನಪದಕ್ಕೊಂದು ಮರುಓದು

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಖಾನಾಪುರ ಪಟ್ಟಣವನ್ನು ಹಾಯ್ದು, ಸವದತ್ತಿಯ ಸೀಮೆಯನ್ನು ಬಳಸಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಈ ಹೊಳೆಯನ್ನು ಕುರಿತ ಜಾನಪದ ಅಧ್ಯಯನಗಳು ಉಗಮದ ಗುಡಿ, ಯಲ್ಲಮ್ಮನ ಜಾತ್ರೆ, ಚೌಡಿಕೆ ಪದಗಳ ಮೇಲೆ ನೆಟ್ಟ ದೃಷ್ಟಿಯನ್ನು ಹೊಳೆಯ ತಳದತ್ತ ಹೊರಳಿಸಿದ್ದು ಕಡಿಮೆ.

ರೇಣುಕೆಯ ಕಥನವನ್ನೇ ನೋಡಬಹುದು. ಜಮದಗ್ನಿಯ ಪೂಜೆಗೆ ನೀರು ತರಲು ಆಕೆ ದಿನವೂ ಹೊಳೆಯ ಉಸುಕಿನಿಂದ ಹೊಸ ಕೊಡ ಮಾಡುತ್ತಾಳೆ. ಹಾವನ್ನು ಸಿಂಬಿಯಾಗಿ ಸುತ್ತಿ ತಲೆಯ ಮೇಲಿಡುತ್ತಾಳೆ. ಚಿತ್ತ ಕದಲಿದ ದಿನ ಕೊಡ ನಿಲ್ಲುವುದಿಲ್ಲ. ವಿದ್ವಾಂಸರು ಇದನ್ನು ಪಾತಿವ್ರತ್ಯದ ಪವಾಡವೆಂದೋ, ಹೆಣ್ಣಿನ ಮೇಲಿನ ನಿಯಂತ್ರಣದ ರೂಪಕವೆಂದೋ ವಿವರಿಸುತ್ತ ಬಂದಿದ್ದಾರೆ. ಈ ಓದುಗಳು ತಪ್ಪಲ್ಲ. ಆದರೆ ಎರಡರಲ್ಲೂ ಉಸುಕು ಕೇವಲ ಸಂಕೇತವಾಗಿ ಉಳಿಯುತ್ತದೆ. ಉಸುಕು ನೀರನ್ನು ಹಿಡಿದಿಡುವ ವಸ್ತುವೆಂಬ ಕಥೆಯ ಮೂಲ ಪ್ರತಿಜ್ಞೆಯೇ ಕೈಬಿಟ್ಟುಹೋಗುತ್ತದೆ.

ಜೀವವಿಜ್ಞಾನವು ಈ ವಸ್ತುವನ್ನು ಬೇರೊಂದು ದಾರಿಯಿಂದ ತಲುಪಿದೆ. ಉಸುಕಿನ ಕಣಗಳ ನಡುವಣ ನೀರಿನಲ್ಲಿ ದುಂಡುಹುಳು, ರೋಟಿಫರ್, ಕೋಪೆಪಾಡ್, ‘ನೀರುಕರಡಿ’ ಎನಿಸಿದ ಟಾರ್ಡಿಗ್ರೇಡ್ ಮೊದಲಾದ ಪ್ರಾಣಿಗಳು ಬಾಳುತ್ತವೆ. ಒಂದು ಮಿಲಿಮೀಟರ್ ಜರಡಿಯಲ್ಲಿ ಇಳಿದುಹೋಗುವ, ಅದಕ್ಕಿಂತ ಬಹು ನವುರಾದ ಜರಡಿಯಲ್ಲಿ ಮಾತ್ರ ಸಿಕ್ಕುವ ಈ ಗುಂಪಿಗೆ 1942ರಲ್ಲಿ ಮಾಲಿ ಮೇರ್ ಎಂಬ ವಿಜ್ಞಾನಿ ‘ಮಿಯೊಫೌನಾ’ ಎಂದು ಹೆಸರಿಟ್ಟರು. ಮಲಪ್ರಭೆ ಸೇರುವ ಕೃಷ್ಣೆಯ ಕೆಳಹರಿವಿನಲ್ಲಿ, ಆಚಾರ್ಯ ನಾಗಾರ್ಜುನ ವಿಶ್ವವಿದ್ಯಾಲಯದ ವೈ. ರಂಗಾ ರೆಡ್ಡಿ ಅವರು ದಂಡೆಯ ಉಸುಕು ಹಾಗೂ ಅಂತರ್ಜಲದಿಂದ ಅನೇಕ ಹೊಸ ಪ್ರಭೇದಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಬ್ಯಾಥಿನೆಲ್ಲ ಗುಂಪಿನ ಕಣ್ಣಿಲ್ಲದ ಜೀವಿಗಳು ವಿಶೇಷವಾದವು. ದೂರ ಸಾಗಲಾರದ ಈ ಜೀವಿಗಳ ಹತ್ತಿರದ ಸಂಬಂಧಿಗಳು ಆಸ್ಟ್ರೇಲಿಯದಲ್ಲಿಯೂ ಇರುವುದರಿಂದ, ಗೊಂಡ್ವಾನ ಭೂಖಂಡ ಒಡೆಯುವ ಮೊದಲೇ ಇವುಗಳ ವಂಶ ಬೇರೂರಿತ್ತೆಂದು ತರ್ಕಿಸಲಾಗಿದೆ.

ಇವನ್ನು ಹಿಡಿಯುವ ಕ್ರಮವೂ ಗಮನಾರ್ಹ. ದಂಡೆಯ ಉಸುಕಿನಲ್ಲಿ ಗುಂಡಿ ತೋಡಿ, ಒಸರಿದ ನೀರನ್ನು ಮೊಗೆದು ನವುರು ಬಲೆಯಲ್ಲಿ ಸೋಸುತ್ತಾರೆ. ಬೇಸಿಗೆಯಲ್ಲಿ ಬತ್ತಿದ ಹೊಳೆಯ ಉಸುಕಿನಲ್ಲಿ ವರತೆ ತೋಡಿ ಬಟ್ಟೆಯಲ್ಲಿ ನೀರು ಸೋಸುವ ಹೆಂಗಸರ ಕೆಲಸಕ್ಕೂ ಇದಕ್ಕೂ ಕೈಚಳಕದಲ್ಲಿ ಹೆಚ್ಚಿನ ಅಂತರವಿಲ್ಲ. ಉದ್ದೇಶ ಮಾತ್ರ ಬೇರೆ.

ಸೋಸುವ ಬಟ್ಟೆಗೆ ಬೆಳಗಾವಿ ನಗರದಲ್ಲಿ ಇನ್ನೊಂದು ಪರಂಪರೆಯೂ ಇದೆ. ಕೋಟೆಯೊಳಗಿನ ಕಮಲ ಬಸದಿಯು ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ್ದು. ಜೈನ ಶ್ರಾವಕಾಚಾರದಲ್ಲಿ ನೀರನ್ನು ಸೋಸುವುದಷ್ಟೇ ವಿಧಿಯಲ್ಲ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ನೀರು ತಂದ ಮೂಲಕ್ಕೇ ಮರಳಿ ಬಿಡಬೇಕು. ಸಂಶೋಧಕನ ಸೋಸಿಕೆ ಫಾರ್ಮಲಿನ್ ಶೀಸೆಯಲ್ಲಿ ಮುಗಿದರೆ, ಶ್ರಾವಕಿಯ ಸೋಸಿಕೆ ಬಾವಿಯಲ್ಲಿ ಮುಗಿಯುತ್ತದೆ. ಈ ಆಚರಣೆಯನ್ನು ಮಡಿಯ ತಲೆಬರಹದಡಿ ಸೇರಿಸುವ ವರ್ಗೀಕರಣವು ಅದರ ಅರ್ಧವನ್ನಷ್ಟೇ ದಾಖಲಿಸುತ್ತದೆ.

ಇಲ್ಲಿ ಎಚ್ಚರವೂ ಅಗತ್ಯ. ರೇಣುಕೆಯ ಕಥೆ ಕಟ್ಟಿದವರಿಗೆ ಉಸುಕಿನ ಸೂಕ್ಷ್ಮಜೀವಿಗಳು ತಿಳಿದಿದ್ದವೆಂದು ಸಾಧಿಸಹೊರಡುವುದು ಜಾನಪದಕ್ಕೆ ಮಾಡುವ ಉಪಕಾರವಲ್ಲ. ಸೂಕ್ಷ್ಮದರ್ಶಕವಿಲ್ಲದೆ ಅವು ಕಾಣುವಂಥವಲ್ಲ. ಕಥೆಗೆ ತಿಳಿದಿರುವುದು ಇಷ್ಟೇ: ಉಸುಕು ಬರಿದಲ್ಲ, ಅದು ನೀರಿನ ಪಾತ್ರೆ, ಅದರೊಡನೆ ವ್ಯವಹರಿಸಲು ಎಚ್ಚರ ಬೇಕು. ಸಾಹಿತ್ಯಪಠ್ಯವೊಂದರಿಂದ ಇದಕ್ಕಿಂತ ಹೆಚ್ಚನ್ನು ಕೇಳಬೇಕಿಲ್ಲ.

ಉಸುಕನ್ನು ಕಟ್ಟಡಸಾಮಗ್ರಿಯೆಂದಷ್ಟೇ ಎಣಿಸಿ ಹೊಳೆಯಿಂದ ಎತ್ತಿದಾಗ ನೀರಿನ ಸಂಗ್ರಹವೂ ಅದರೊಳಗಿನ ವಸತಿಯೂ ಒಟ್ಟಿಗೆ ಅಳಿಯುತ್ತವೆ. ಬೇರೆಡೆಗೆ ಹೋಗಲಾರದ ಜೀವಿಗೆ ಅದೇ ಕೊನೆ. ವರತೆ ಕಾಣದ ತಲೆಮಾರಿಗೆ ಉಸುಕಿನ ಕೊಡವೂ ಬರೀ ಪವಾಡವಾಗಿ ಉಳಿದೀತು. ಆದ್ದರಿಂದ ಮಲಪ್ರಭೆಯ ಹಾಡು-ಕಥೆಗಳನ್ನು ಸಂಗ್ರಹಿಸುವವರು ಅವು ಹುಟ್ಟಿದ ದಂಡೆಯ ಉಸುಕು, ವರತೆ, ಸೋಸುಬಟ್ಟೆಗಳನ್ನೂ ಪಠ್ಯದ ಭಾಗವಾಗಿಯೇ ದಾಖಲಿಸಬೇಕಾಗಿದೆ. ಪ್ರಾಣಿವಿಜ್ಞಾನಿಯೂ ಜಾನಪದ ವಿದ್ವಾಂಸನೂ ಒಂದೇ ಗುಂಡಿಯ ಬಳಿ ಕೂರಬಹುದಾದ ನೆಲೆ ಖಾನಾಪುರದ ಹೊಳೆದಂಡೆಯಲ್ಲಿದೆ.