ಪೈ ಚಾರ್ಟ್ ಹೇಳದ ಕ್ರೆಡಿಟ್ ಸ್ಕೋರ್

ಅಮೆರಿಕದಲ್ಲಿ ಮನೆ ಕೊಳ್ಳೋಕೆ ಹೊರಟವರಿಗೆ ಎಲ್ಲರೂ ಮೊದಲು ತೋರಿಸೋದು ಒಂದು ಪೈ ಚಾರ್ಟ್. ಸಮಯಕ್ಕೆ ಸರಿಯಾದ ಪಾವತಿಗೆ ಶೇ. 35, ಈಗಿರುವ ಸಾಲಕ್ಕೆ 30, ಸಾಲದ ಇತಿಹಾಸದ ಉದ್ದಕ್ಕೆ 15, ಹೊಸ ಸಾಲಕ್ಕೆ 10, ಸಾಲಗಳ ವೈವಿಧ್ಯಕ್ಕೆ 10. ಫೈಕೋ ಕಂಪನಿಯೇ ಕೊಟ್ಟ ಚಿತ್ರ, ಸುಳ್ಳೇನಲ್ಲ. ಆದರೆ ದಿನವಿಡೀ ಮಾಡೆಲ್‌ಗಳ ಜೊತೆ ಗುದ್ದಾಡುವ ನನಗೆ ಇದನ್ನು ವಿವರಣೆ ಅಂತ ಒಪ್ಪೋದು ಕಷ್ಟ. ಸಾರಿನ ಪುಡಿಯ ಅಳತೆ ಹೇಳಿದ ಹಾಗಿದೆ, ಅಷ್ಟೇ.

ಮಾಡೆಲ್ ಮೊದಲು ಜನರನ್ನು ಗುಂಪುಗಳಾಗಿ ವಿಂಗಡಿಸುತ್ತೆ. ಸಾಲದ ಇತಿಹಾಸ ಈಗಷ್ಟೇ ಶುರುವಾದವರಿಗೆ ಒಂದು ಅಂಕಪಟ್ಟಿ, ಹಿಂದೆ ಕಂತು ತಪ್ಪಿಸಿದವರಿಗೆ ಇನ್ನೊಂದು. ಆ ಶೇಕಡಾವಾರು ಸರಾಸರಿ ಜನರದ್ದು, ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತೆ ಅಂತ ಫೈಕೋನೇ ಹೇಳುತ್ತೆ. ಚಿತ್ರ ಹಂಚುವವರು ಆ ಸಾಲನ್ನು ಮಾತ್ರ ಬಿಟ್ಟುಬಿಡ್ತಾರೆ. ಸ್ಕೋರ್ ಕೇಳೋ ಪ್ರಶ್ನೆಯೂ ತೀರಾ ಸಣ್ಣದು: ಮುಂದಿನ 24 ತಿಂಗಳಲ್ಲಿ ಈ ಮನುಷ್ಯ ಯಾವುದಾದರೂ ಸಾಲದಲ್ಲಿ 90 ದಿನ ಹಿಂದೆ ಬೀಳ್ತಾನಾ? ನಿಮ್ಮ ಸಂಬಳ, ಉಳಿತಾಯ, ಡಿಗ್ರಿ ಯಾವುದೂ ಅದರಲ್ಲಿಲ್ಲ.

ಇನ್ನು ನಿಮ್ಮ ಫೋನಿನಲ್ಲಿ ಉಚಿತವಾಗಿ ಕಾಣೋ ಅಂಕ. ಅದು ಬಹಳ ಸಲ ವ್ಯಾಂಟೇಜ್‌ಸ್ಕೋರ್ 3.0. ಗೃಹಸಾಲ ಕೊಡುವವರು ಬಹುಕಾಲ ನೆಚ್ಚಿಕೊಂಡು ಬಂದಿದ್ದು ಫೈಕೋದ ಹಳೆಯ ಆವೃತ್ತಿಗಳನ್ನು: ಎಕ್ಸ್‌ಪೀರಿಯನ್‌ನಿಂದ 2, ಟ್ರಾನ್ಸ್‌ಯೂನಿಯನ್‌ನಿಂದ 4, ಇಕ್ವಿಫ್ಯಾಕ್ಸ್‌ನಿಂದ 5. ಮೂರರಲ್ಲಿ ನಡುವಿನದ್ದು ಲೆಕ್ಕಕ್ಕೆ. 702, 718, 731 ಬಂದರೆ ನೀವು 718. ದಂಪತಿ ಒಟ್ಟಿಗೆ ಅರ್ಜಿ ಹಾಕಿದರೆ ಬಡ್ಡಿ ದರಕ್ಕೆ ಸಾಮಾನ್ಯವಾಗಿ ಇಬ್ಬರಲ್ಲಿ ಕಡಿಮೆ ಇರುವವರ ನಡು ಅಂಕ. ಡಿಪೆಂಡೆಂಟ್ ವೀಸಾದಲ್ಲಿ ಬಂದು, ಮೊನ್ನೆ ಮೊನ್ನೆ ಮೊದಲ ಕಾರ್ಡ್ ತೆಗೆದುಕೊಂಡ ಸಂಗಾತಿ ಇದ್ದರೆ ಇದು ನಿಮ್ಮ ಜೇಬಿಗೇ ತಾಗೋ ವಿಷಯ. ಒಬ್ಬರ ಆದಾಯವೇ ಸಾಕಾದರೆ, ಒಬ್ಬರೇ ಅರ್ಜಿ ಹಾಕಬಹುದಾ ಅಂತ ಮೊದಲೇ ಕೇಳಿ.

ನನ್ನ ನಿಜವಾದ ತಕರಾರು ಬಾಡಿಗೆಯದು. ಎಂಟು ವರ್ಷ ಒಂದನೇ ತಾರೀಕು ತಪ್ಪದೆ ಬಾಡಿಗೆ ಕಟ್ಟಿದ್ದನ್ನು ಈ ಹಳೆಯ ಆವೃತ್ತಿಗಳು ಗಣನೆಗೇ ತಗೊಳ್ಳಲ್ಲ. ಗೃಹಸಾಲದ ಕಂತಿಗೆ ಅದಕ್ಕಿಂತ ಹತ್ತಿರದ ಸಾಕ್ಷಿ ಇನ್ನೇನಿದೆ? ಊರಲ್ಲಿ ಗಳಿಸಿದ ಸಿಬಿಲ್ ಅಂಕವೂ ಈ ಲೆಕ್ಕಕ್ಕಿಲ್ಲ. ಅದೇ, ಅಪ್ಪನ ಕಾರ್ಡಿಗೆ ಆಥರೈಸ್ಡ್ ಯೂಸರ್ ಆಗಿ ಸೇರಿದ ಮಗಳಿಗೆ, ಅವಳು ಒಂದು ಡಾಲರ್ ಖರ್ಚು ಮಾಡದಿದ್ದರೂ, ಆ ಕಾರ್ಡಿನ ಇತಿಹಾಸ ಬಳುವಳಿಯಾಗಿ ಬರುತ್ತೆ. ಇಲ್ಲೇ ಹುಟ್ಟಿ ಬೆಳೆದ ನಿಮ್ಮಲ್ಲಿ ಕೆಲವರಿಗೆ, ಗೊತ್ತಿಲ್ಲದೆಯೇ, ಇದು ಸಿಕ್ಕಿರಬಹುದು. ಸ್ಕೋರ್ ಜಾತಿ, ಬಣ್ಣ, ಮೂಲ ದೇಶ ನೋಡಲ್ಲ, ನಿಜ. ಬ್ಯಾಂಕ್ ಮ್ಯಾನೇಜರ್ ಮುಖ ನೋಡಿ ಸಾಲ ಕೊಡೋ ಕಾಲಕ್ಕಿಂತ ಇದು ಎಷ್ಟೋ ಮೇಲು. ಆದರೂ ಮನೆತನದ ಅನುಕೂಲ ಹಿಂಬಾಗಿಲಿನಿಂದ ಒಳಗೆ ಬಂದೇ ಬರುತ್ತೆ.

ಈ ಹಳೆಯ ಮಾಡೆಲ್‌ಗಳಿಗೆ ಕಾರ್ಡ್ ಬಾಕಿಯ ವಿಷಯದಲ್ಲಿ ನೆನಪೂ ಇಲ್ಲ. ಕೊನೆಯದಾಗಿ ವರದಿಯಾದ ಮೊತ್ತವಷ್ಟೇ ಕಾಣುತ್ತೆ. ಪ್ರತಿ ತಿಂಗಳು ಪೂರ್ತಿ ತೀರಿಸುವವರೂ ಹಬ್ಬದ ಟಿಕೆಟ್ ಖರೀದಿಸಿದ ತಿಂಗಳು ಸಾಲಗಾರರ ಹಾಗೆ ಕಾಣ್ತಾರೆ. ಎರಡು ವರ್ಷದ ಏರಿಳಿತ ನೋಡುವ ಫೈಕೋ 10ಟಿ, ವ್ಯಾಂಟೇಜ್‌ಸ್ಕೋರ್ 4.0 ಎರಡಕ್ಕೂ ಸರ್ಕಾರದ ವಸತಿ ಹಣಕಾಸು ನಿಯಂತ್ರಕರು 2022ರಲ್ಲೇ ಒಪ್ಪಿಗೆ ಕೊಟ್ಟರು, ಬದಲಾವಣೆ ಮಾತ್ರ ಆಮೆ ನಡಿಗೆ. ಹಾಗಾಗಿ ಅರ್ಜಿಗೆ ಒಂದೆರಡು ತಿಂಗಳ ಮುಂಚೆ ಬಿಲ್ ಬರುವ ಮೊದಲೇ ಕಾರ್ಡ್ ಬಾಕಿ ತೀರಿಸಿ. ಬೇರೆ ಬೇರೆ ಕಡೆ ಬಡ್ಡಿ ವಿಚಾರಿಸೋದನ್ನು 14 ದಿನದೊಳಗೆ ಮುಗಿಸಿ. ಹೊಸ ಆವೃತ್ತಿಗಳು 45 ದಿನ ಕೊಡುತ್ತವೆ, ಆದರೆ ನಿಮ್ಮ ಲೆಂಡರ್ ಯಾವುದನ್ನು ನೋಡ್ತಾರೋ!